ಇಬ್ಬರೇ ಹಿಡಿಸುವ ಗಾಡಿ

ಹೊಸ ಕಾರು ಕೊಂಡ ಮೊದಲ ವಾರ ಮನುಷ್ಯನಿಗೆ ಲೋಕವೆಲ್ಲ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತದೆ. ಎರಡನೆಯ ವಾರ, ಯಾಕೆ ಯಾರೂ ನೋಡುತ್ತಿಲ್ಲ ಅನ್ನಿಸುತ್ತದೆ. ನಾನು ಇನ್ನೂ ಮೊದಲನೆಯ ವಾರದಲ್ಲಿದ್ದೆ. ನಮ್ಮ ಕಚೇರಿಯಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗವಿದೆ. ಅದಕ್ಕೆ ಇಳಿಯುವ ಇಳಿಜಾರಿನ ತಲೆಯಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಯಾರಾದರೂ ಏನಾದರೂ ಅಂದಾರು ಎಂದು ಕಾದೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಎದ್ದು ಬಂದರು. ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನನ್ನು ನೋಡಲು ಕಾರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಹಿಡಿಸಲ್ಲ," ಅಂದರು.

ಅಷ್ಟೇ. ತಿರುಗಿ ಹೋಗಿ ಕುರ್ಚಿಯಲ್ಲಿ ಕೂತರು.

ನಾನು ಬಂದ ದಾರಿಗೆ ಸುಂಕವಿಲ್ಲದೆ ಹಿಂದಕ್ಕೆ ಹೋಗಿ, ಎರಡು ಬೀದಿ ಆಚೆ ಒಂದು ಮರದ ಕೆಳಗೆ ಕಾರು ನಿಲ್ಲಿಸಿದೆ. ಮರದ ಮೇಲಿನ ಹಕ್ಕಿಗಳಿಗೆ ಅದು ಬಹಳ ಹಿಡಿಸಿತು. ಪ್ರತಿದಿನವೂ ತಮ್ಮ ಅಭಿಪ್ರಾಯವನ್ನು ಅದರ ಮೇಲೆ ಬಿಳಿಯ ಅಕ್ಷರದಲ್ಲಿ ದಾಖಲಿಸಿದವು. ಪಾರ್ಕಿಂಗ್‌ನ ಹೆಂಗಸೊಬ್ಬಳಿಗೆ ನನ್ನ ಕಾರು ಹಿಡಿಸಲಿಲ್ಲವಂತೆ, ಅವಳನ್ನು ಕೇಳಿದವರು ಯಾರು ಎಂದು ಮನೆಯಲ್ಲಿ ಕೂಗಾಡಿದೆ. ನನ್ನ ಹೆಂಡತಿ ತರಕಾರಿ ಹೆಚ್ಚುತ್ತಲೇ, ತನಗೂ ಹಿಡಿಸಿರಲಿಲ್ಲ, ಆದರೆ ತನ್ನನ್ನಂತೂ ಯಾರೂ ಕೇಳಿರಲಿಲ್ಲ ಎಂದಳು.

ಅಂದಿನಿಂದ ಆ ಹೆಂಗಸಿನ ಮೇಲೆ ಕಣ್ಣಿಟ್ಟೆ. ನನ್ನ ಅನುಮಾನಕ್ಕೆ ದಿನಾ ಹೊಸ ಪುರಾವೆ ಸಿಕ್ಕುತ್ತಿತ್ತು. ಬಾಗಿಲು ನೆಗ್ಗಿದ, ಒಂದು ದೀಪ ಒಡೆದ ಮುದಿ ವ್ಯಾನೊಂದು ಬಂದರೆ ಈಕೆ, "ಹಿಡಿಸುತ್ತೆ, ಹಿಡಿಸುತ್ತೆ, ಬನ್ನಿ," ಎಂದು ಮನೆಗೆ ಬಂದ ಅಳಿಯನನ್ನು ಕರೆಯುವ ಹಾಗೆ ಕರೆಯುತ್ತಿದ್ದರು. ಮೂರನೆಯ ಮಹಡಿಯ ವಕೀಲರ ಫಳಫಳ ಹೊಳೆಯುವ ಕಾರಿಗೆ, "ಹಿಡಿಸಲ್ಲ." ಈಕೆಗೆ ಹೊಳಪು ಕಂಡರಾಗದು, ಉಳ್ಳವರ ಮೇಲೆ ಒಳಗೊಳಗೇ ಸಿಟ್ಟು ಎಂದು ತೀರ್ಮಾನಿಸಿದೆ. ಉಳ್ಳವರ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೆ ಎಂಬುದನ್ನು ಓದುಗರು ಗಮನಿಸಬೇಕು.

ಒಂದು ಮಳೆಯ ಬೆಳಿಗ್ಗೆ ಮರದಿಂದ ಕಚೇರಿಗೆ ಓಡುತ್ತ ಬಂದು ತೊಪ್ಪೆಯಾದಾಗ ತಾಳ್ಮೆ ಮುಗಿಯಿತು. ಇಳಿಜಾರಿನಲ್ಲಿ ನೀರು ಸುರಿಸುತ್ತ ನಿಂತು, ನನ್ನ ಕಾರಿನ ಬಣ್ಣಕ್ಕೆ ಏನಾಗಿದೆ ಎಂದು ಕೇಳಿಯೇಬಿಟ್ಟೆ.

ಆಕೆಗೆ ಅರ್ಥವಾಗಲಿಲ್ಲ. ಬಣ್ಣಕ್ಕೇನು, ಚೆನ್ನಾಗೇ ಇದೆಯಲ್ಲ ಎಂದರು. ಹಾಗಾದರೆ ಹಿಡಿಸಲ್ಲ ಅಂದಿದ್ದೇಕೆ ಎಂದೆ. ಆಕೆ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು.

"ಆವತ್ತು ಖಾಲಿ ಇದ್ದದ್ದು ಆ ಕಂಬದ ಪಕ್ಕದ್ದೊಂದೇ ಸಾರ್. ಕಾರು ಹಿಡಿಸುತ್ತೆ. ಆದ್ರೆ ಬಾಗಿಲು ಇಷ್ಟೇ ತೆಗೆಯೋಕಾಗೋದು." ಎರಡು ಅಂಗೈಗಳ ನಡುವೆ ಒಂದು ಸಂದು ಮಾಡಿ ತೋರಿಸಿದರು. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ತಪ್ಪು ತಿಳಿಯಬೇಡಿ ಎನ್ನುವ ದನಿಯಲ್ಲಿ ಮುಗಿಸಿದರು: "ನೀವು ಹಿಡಿಸಲ್ಲ."

ಇಷ್ಟು ನೇರವಾಗಿ ನನ್ನ ಆರೋಗ್ಯ ತಪಾಸಣೆ ಮಾಡಿದವರು ಯಾರೂ ಇರಲಿಲ್ಲ. ಅಂದಿನಿಂದ ನಾವು ಸ್ನೇಹಿತರು.

ಕಟ್ಟಡದವರೆಲ್ಲ ಅವರನ್ನು ಕೆಳಗಿನಕ್ಕ ಎನ್ನುತ್ತಿದ್ದರು. ಅವರಿಗಿಂತ ಹಿರಿಯರಾದ ವಕೀಲರಿಗೂ ಅವರು ಅಕ್ಕನೇ. ಮದುವೆಯಾದ ಮರುವರ್ಷ ಆ ಕೆಲಸಕ್ಕೆ ಸೇರಿದ್ದವರು ತಲೆ ನರೆಯುವವರೆಗೂ ಅದೇ ನೆಲಮಾಳಿಗೆಯಲ್ಲಿದ್ದರು. ಅಲ್ಲಿ ತಗ್ಗು ತೊಲೆಗಳು, ದಪ್ಪ ಕಂಬಗಳು, ಸದಾ ಗುಂಯ್‌ಗುಡುವ ಟ್ಯೂಬ್‌ಲೈಟು. ಹೊರಗೆ ಬಿಸಿಲೋ ಮಳೆಯೋ ಅವರಿಗೆ ಗೊತ್ತಾಗುತ್ತಿದ್ದುದು ಬರುವ ಕಾರುಗಳ ಚಕ್ರದಿಂದ. ಚಕ್ರ ಒದ್ದೆಯಿದ್ದರೆ ಮಳೆ. ಮೂತಿ ಮುಟ್ಟಿದಾಗ ಸುಟ್ಟಂತಾದರೆ ಬಿಸಿಲು. ಸೀಟಿ ಊದುತ್ತಿರಲಿಲ್ಲ. ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತ ಬಂದು, ಕೊನೆಗೆ ಡಿಕ್ಕಿಯ ಮೇಲೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟು "ಸಾಕು" ಎನ್ನುತ್ತಿದ್ದರು. ಎಮ್ಮೆಯ ಬೆನ್ನು ತಟ್ಟುವವರಿಗಿರುವ ಸಲಿಗೆ ಆ ಪೆಟ್ಟಿನಲ್ಲಿತ್ತು. ತಮಾಷೆಯೆಂದರೆ ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. ಎಲ್ಲರೂ ಮುಂದೆ ಕೂತರೆ ಹಿಂದೆ ನೋಡುವವರು ಯಾರು ಎನ್ನುತ್ತಿದ್ದರು.

ಅವರು ಅಕ್ಕನಾದ್ದರಿಂದ ಅವರ ಗಂಡ ನಮಗೆಲ್ಲ ಭಾವ. ಭಾವನದು ಒಂದು ಫೋಟೋ ಸ್ಟುಡಿಯೋ. ಕುಟುಂಬದ ಗುಂಪು ಚಿತ್ರ ತೆಗೆಯುವುದರಲ್ಲಿ ಎತ್ತಿದ ಕೈ. ಗೋಡೆಗೆ ಬರೆಸಿದ ಸಮುದ್ರದ ಮುಂದೆ ಮೂರು ತಲೆಮಾರುಗಳನ್ನು ನಿಲ್ಲಿಸಿ, "ಒತ್ತಿ ನಿಂತ್ಕೊಳ್ಳಿ, ಇನ್ನೂ ಒಬ್ರು ಬನ್ನಿ, ಎಲ್ಲಾ ಹಿಡಿಸುತ್ತೆ" ಎಂದು ಕರೆಯುತ್ತಿದ್ದರು. ದಪ್ಪ ಮಾವನನ್ನು ಓರೆಯಾಗಿ ನಿಲ್ಲಿಸಿ, ಮುನಿಸಿಕೊಂಡ ಸೊಸೆಯನ್ನು ಮುಂದಕ್ಕೆ ಕರೆದು, ಮಗುವನ್ನು ಯಾರ ತೊಡೆಯ ಮೇಲಾದರೂ ಕೂರಿಸಿ, ಒಂದು ಕಿವಿಯೂ ಚೌಕಟ್ಟಿನಾಚೆ ಹೋಗದಂತೆ ನೋಡಿಕೊಳ್ಳುತ್ತಿದ್ದರು. ಹೀಗೆ ಒಂದು ಮನೆಯಲ್ಲಿ ಎಲ್ಲಾ ಹಿಡಿಸುತ್ತೆ ಎನ್ನುವ ಗಂಡ, ಹಿಡಿಸಲ್ಲ ಎನ್ನುವ ಹೆಂಡತಿ. ಆದರೂ ಸಂಸಾರ ನಡೆದಿತ್ತು. ಇಬ್ಬರೂ ತಮ್ಮ ತಮ್ಮ ಮಾತನ್ನು ಕೆಲಸದ ಜಾಗದಲ್ಲೇ ಬಿಟ್ಟು ಬರುತ್ತಿದ್ದುದು ಅದಕ್ಕೆ ಕಾರಣವಿರಬೇಕು.

ಇಬ್ಬರೂ ಎಂದೆ. ಅದು ತಪ್ಪು, ಬಿಟ್ಟು ಬರುತ್ತಿದ್ದವರು ಅಕ್ಕ ಮಾತ್ರ. ಭಾವ ಮನೆಯಲ್ಲೂ ಗುಂಪು ಚಿತ್ರದವರೇ. ಸ್ಟುಡಿಯೋದ ಹಿಂದಿನ ಎರಡು ಕೋಣೆಗಳ ಮನೆಗೆ ಅಕ್ಕನ ಹೆಡ್‌ಮಿಸ್ಟ್ರೆಸ್ ಅತ್ತಿಗೆ ಬರುತ್ತಿದ್ದರು, ಮೈದುನ ಬರುತ್ತಿದ್ದ, ಓರಗಿತ್ತಿ ಮಕ್ಕಳೊಂದಿಗೆ ಬರುತ್ತಿದ್ದಳು. ಭಾವ ಬಾಗಿಲಲ್ಲೇ ನಿಂತು ಬನ್ನಿ ಬನ್ನಿ, ಎಲ್ಲಾ ಹಿಡಿಸುತ್ತೆ ಎನ್ನುತ್ತಿದ್ದರು. ನಿಜಕ್ಕೂ ಹಿಡಿಸುತ್ತಿತ್ತು. ಯಾಕೆಂದರೆ ಅಕ್ಕ ತಮ್ಮ ಹಾಸಿಗೆಯನ್ನು ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಒಲೆಗೂ ನೀರಿನ ಡ್ರಮ್ಮಿಗೂ ನಡುವೆ ಚಾಚಬೇಕಾದವರು ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಿಲ್ಲ.

ಒಂದು ದಿನ ಕಟ್ಟಡದ ಮುಂದೆ ಒಂದು ಮೋಟರ್‌ಹೋಮ್ ಬಂತು. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇರುವ, ಚಕ್ರದ ಮೇಲಿನ ಮನೆ. ನಾವು ಅದನ್ನು ಮನೆಗಾಡಿ ಎನ್ನುತ್ತೇವೆ. ದೂರದ ಊರಿನ ಇಳಿವಯಸ್ಸಿನ ದಂಪತಿಯದು. ಅವರು ಅದನ್ನು ನೆಲಮಾಳಿಗೆಗೆ ಇಳಿಸಲು ಹೊರಟಾಗ ಅಕ್ಕ ಎರಡೂ ಕೈ ಚಾಚಿ ಅಡ್ಡ ನಿಂತು ತೊಲೆಯನ್ನೂ ಅವರ ಚಾವಣಿಯನ್ನೂ ಉಳಿಸಿದರು. ಗಾಡಿ ಎದುರಿನ ರಸ್ತೆಯಲ್ಲೇ ನಿಂತಿತು. ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಹಿಡಿದು ಮೇಲೆ ಬಂದರೆ ಗಾಡಿಯ ಬಾಗಿಲು ತೆರೆದಿತ್ತು. ಒಳಗೆ ಹೆಂಡತಿ ಕಿಟಕಿಗೆ ಒರಗಿದ್ದಳು. ಗಂಡ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದ.

ಈ ಸಂಗತಿಯನ್ನು ಅಕ್ಕ ನನಗೆ ಹೇಳಿದ್ದು ಪವಾಡ ಕಂಡವರ ದನಿಯಲ್ಲಿ. "ಅವರಿಬ್ರೂ ಏನೂ ಮಾಡ್ತಿರ್ಲಿಲ್ಲ ಸಾರ್."

ಆಸೆ ಹುಟ್ಟಿದ್ದು ಹೀಗೆ. ಅಕ್ಕನ ನಿವೃತ್ತಿಯ ಹೊತ್ತಿಗೆ ಎಲ್ಲರ ಜೇಬಿನಲ್ಲೂ ಒಂದೊಂದು ಸ್ಟುಡಿಯೋ ಬಂದು ಕೂತಿತ್ತು. ಭಾವ ಸ್ಟುಡಿಯೋದ ಮುಂಭಾಗವನ್ನು ಮೊಬೈಲ್ ಅಂಗಡಿಯವನಿಗೆ ಮಾರಿ, ಹಿಂದಿನ ಎರಡು ಕೋಣೆ ಉಳಿಸಿಕೊಂಡರು. ಕೈಗೆ ಬಂದದ್ದರಲ್ಲಿ ಹಳೆಯ ಮನೆಗಾಡಿಯೊಂದನ್ನು ಕೊಂಡು ಸುತ್ತುವುದೆಂದು ಇಬ್ಬರೂ ಒಪ್ಪಿದರು. ಬಣ್ಣದ ಸಮುದ್ರದ ಮುಂದೆ ಊರನ್ನೆಲ್ಲ ನಿಲ್ಲಿಸಿದ ಭಾವ ನಿಜವಾದ ಸಮುದ್ರದ ಮುಂದೆ ತಾವೇ ನಿಲ್ಲಬೇಕೆಂದರು. ಅಕ್ಕನಿಗೆ ಸಮುದ್ರವೇ ಆಗಬೇಕೆಂದೇನೂ ಇರಲಿಲ್ಲ. ತಲೆಯ ಮೇಲೆ ತೊಲೆಯಿಲ್ಲದ ಯಾವ ಜಾಗವಾದರೂ ಸರಿ.

ಇಲ್ಲಿಯವರೆಗೆ ಸುಖಾಂತ. ಆಮೇಲೆ ಭಾವ ಫೋನು ಎತ್ತಿದರು.

ಒಂದೇ ಸಂಜೆಯಲ್ಲಿ ಅಕ್ಕನಿಗೆ ಫೋನು ಮಾಡಿ ತಮ್ಮನಿಗೂ ಮಾಡಿದರು. (ಇಲ್ಲಿ ಅಕ್ಕ ಎಂದರೆ ಭಾವನ ಅಕ್ಕ, ಹೆಡ್‌ಮಿಸ್ಟ್ರೆಸ್. ನೆಂಟಸ್ತಿಕೆ ಬಹಳವಾದಾಗ ಹೀಗಾಗುತ್ತದೆ. ಇನ್ನು ಮೇಲೆ ಅವರನ್ನು ಬರೀ ಹೆಡ್‌ಮಿಸ್ಟ್ರೆಸ್ ಎನ್ನುತ್ತೇನೆ.) ಎಲ್ಲರೂ ಒಟ್ಟಿಗೆ ಹೋಗೋಣ, ದೊಡ್ಡ ಗಾಡಿ ತೆಗೆದುಕೊಳ್ಳುತ್ತೇನೆ, ಎಲ್ಲಾ ಹಿಡಿಸುತ್ತೆ ಎಂದರು. ಹೆಡ್‌ಮಿಸ್ಟ್ರೆಸ್ ಯೋಚಿಸಿ ಹೇಳುತ್ತೇನೆ ಎಂದವರು ಮರುದಿನ ಯಾವ ಮಂಚ ತಮ್ಮದೆಂದು ಕೇಳಿದರು. ಮೈದುನನ ಮಕ್ಕಳಿಗೆ ಮೇಲಿನ ಮಂಚ ಎಂದು ನಿಶ್ಚಯವಾಯಿತು. ಗಾಡಿ ಕೊಳ್ಳುವ ಮೊದಲೇ ಮಂಚಗಳೆಲ್ಲ ಹಂಚಿಹೋದವು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಮಾತು ಇಂಥ ಭಾವಂದಿರನ್ನು ನೋಡಿಯೇ ಹುಟ್ಟಿರಬೇಕು. ಅಕ್ಕ ಎಲ್ಲಿ ಮಲಗುವುದು ಎಂದು ಯಾರೂ ಕೇಳಲಿಲ್ಲ. ಮನೆಗಾಡಿಯಲ್ಲೂ ಅಡುಗೆಮನೆ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಅಕ್ಕ ಕಚೇರಿಗೆ ಬಂದು ನನ್ನೆದುರು ಕೂತರು. ಆ ಮೆಟ್ಟಿಲು ಹತ್ತಿ ಅವರು ಮೇಲೆ ಬಂದದ್ದು ಅದೇ ಮೊದಲು.

"ದೊಡ್ಡದು ತಗೊಂಡ್ರೆ ನಾನು ಅದರಲ್ಲೂ ಅಟೆಂಡರ್ರೇ ಸಾರ್," ಅಂದರು. "ಯಾರು ಎಲ್ಲಿ, ಯಾರ ಚಪ್ಪಲಿ ಎಲ್ಲಿ, ಯಾರಿಗೆ ಟೀ. ಹಾಗಾದ್ರೆ ನಾನು ಬರಲ್ಲ. ಇಲ್ಲೇ ಕೆಳಗೇ ಇರ್ತೀನಿ."

ಭಾವನಿಗೆ ಹೇಳಿದಿರಾ ಎಂದು ಕೇಳಿದೆ. ಹಿಡಿಸಲ್ಲ ಎಂದು ದಿನಾ ಹೇಳುತ್ತಿದ್ದೇನೆ, ಆದರೆ ಅವರಿಗೆ ಅದು ಬೇರೆಯೇ ಕೇಳಿಸುತ್ತದೆ ಎಂದರು. ನನಗೆ ಅದು ತಟ್ಟನೆ ಅರ್ಥವಾಯಿತು. ಆ ಮಾತು ಒಬ್ಬ ಮನುಷ್ಯನಿಗೆ ಹೇಗೆ ಬೇರೆ ಕೇಳಿಸುತ್ತದೆಂದು ಮಳೆಯಲ್ಲಿ ನಿಂತು ಕಲಿತವನು ನಾನು. ನೇರವಾಗಿ, ನಿಮ್ಮ ಅಕ್ಕ ತಮ್ಮಂದಿರು ಬೇಡ ಎಂದುಬಿಡಿ ಎಂದೆ. ಅಕ್ಕ ಅಡ್ಡಡ್ಡ ತಲೆ ಆಡಿಸಿದರು. ಆ ಮನುಷ್ಯ ಜೀವಮಾನದಲ್ಲಿ ಒಬ್ಬರನ್ನೂ ಫೋಟೋದಿಂದ ಆಚೆ ಕಳಿಸಿದವರಲ್ಲ, ನಾನು ಹೇಗೆ ಕಳಿಸಲಿ ಎಂದರು.

ಗಾಡಿ ನೋಡಲು ಹೋದಾಗ ಭಾವ ನನ್ನನ್ನೂ ಕರೆದರು, ಸಲಹೆಗಾರನಾಗಿ. ನಾನು ಯಾವ ಮನೆಗಾಡಿಯಲ್ಲೂ ಕಾಲಿಟ್ಟವನಲ್ಲ. ಆದರೆ ಸಲಹೆಗಾರ ಎಂದು ಕರೆದ ಮೇಲೆ ಮನುಷ್ಯನ ಮುಖ ತಾನಾಗಿ ಗಂಭೀರವಾಗುತ್ತದೆ. ಕೈ ಹಿಂದೆ ಕಟ್ಟಿ, ಗಾಡಿಗಳ ಚಕ್ರಗಳನ್ನು ಒದೆಯುತ್ತ ನಡೆದೆ. ಚಕ್ರ ಒದೆಯುವುದರಿಂದ ಏನು ತಿಳಿಯುತ್ತದೆಂದು ನನಗೆ ಇಂದಿಗೂ ತಿಳಿಯದು.

ಗಾಡಿ ಮಾರುವ ಅಂಗಳದಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ನಮ್ಮನ್ನು ಮೊದಲು ಮಧ್ಯಮ ಗಾತ್ರದ ಗಾಡಿಗೆ ಹತ್ತಿಸಿದ. ನಾಲ್ಕು ಮಂಚ. ಭಾವ ಹೆಂಡತಿಯತ್ತ ತಿರುಗಿ, "ಹಿಡಿಸ್ತಾ?" ಎಂದರು. ಅಕ್ಕ ಕಿಟಕಿಯಿಂದ ಗಾಡಿಯ ಬಾಲ ನೋಡಿದರು, ಹಿಂದಿನ ಚಕ್ರದಾಚೆ ಅದು ಎಷ್ಟು ಚಾಚಿದೆ ಎಂದು ನೋಡಿದರು, ತಮ್ಮ ಬೀದಿಯ ತಿರುವನ್ನು ನೆನೆದರು. "ಹಿಡಿಸಲ್ಲ," ಅಂದರು. ಭಾವನ ಕಣ್ಣು ಸೋಫಾದ ಮೇಲೆ ಹೋಯಿತು. ಸೋಫಾ ಕಂದು ಬಣ್ಣದ್ದು. ಕಂದು ಬೇಡವಂತೆ, ಬೇರೆ ತೋರಿಸಿ ಎಂದರು.

ಬೇರೆಯದು ಇನ್ನೂ ದೊಡ್ಡದಾಗಿತ್ತು. ಅದರ ಪರದೆಯಲ್ಲಿ ಹೂಗಳಿದ್ದವು. ಹಿಡಿಸಲ್ಲ. ಮುಂದಿನದು ನೀಲಿ, ಅದರಲ್ಲಿ ಸ್ನಾನದ ತೊಟ್ಟಿ. ಹಿಡಿಸಲ್ಲ. ಪ್ರತಿ ಸಲವೂ ಸೇಲ್ಸ್‌ಮನ್‌ಗೆ ಈ ಅಮ್ಮನ ಅಭಿರುಚಿ ಬಹಳ ಮೇಲ್ಮಟ್ಟದ್ದೆಂಬ ಗೌರವ ಹೆಚ್ಚಿ, ಇನ್ನಷ್ಟು ಉದ್ದದ ಗಾಡಿಗೆ ಕರೆದೊಯ್ಯುತ್ತಿದ್ದ. ಹಳ್ಳ ದಾಟಲು ಹೋಗಿ ಹೊಳೆಗೆ ಬಿದ್ದ ಹಾಗೆ, ಕೊನೆಗೆ ಅಂಗಳದ ಅತಿ ದೊಡ್ಡ ಗಾಡಿಯೊಳಗೆ ನಿಂತಿದ್ದೆವು. ಅದರ ಚಾವಣಿಗೆ ಗಾಜಿನ ದೀಪದ ಗೊಂಚಲು ತೂಗುತ್ತಿತ್ತು. ನಾನು ಸಲಹೆಗಾರನಾದ್ದರಿಂದ ಏನಾದರೂ ಹೇಳಲೇಬೇಕಾಗಿತ್ತು. ಉದ್ದವೇ ಘನತೆ ಎಂದೆ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಆ ಗೊಂಚಲೇ ಉದುರಬೇಕಿತ್ತು.

ಇದನ್ನೊಮ್ಮೆ ಮನೆಯವರೆಗೆ ಓಡಿಸಿ ನೋಡೋಣ ಎಂದು ಭಾವ ಉತ್ಸಾಹದಿಂದ ಕೇಳಿದರು. ಸೇಲ್ಸ್‌ಮನ್ ಒಪ್ಪಿದ. ದಾರಿಯಲ್ಲಿ ಹೆಡ್‌ಮಿಸ್ಟ್ರೆಸ್ಸನ್ನೂ ಮೈದುನ ಮತ್ತು ಓರಗಿತ್ತಿಯನ್ನೂ ಹತ್ತಿಸಿಕೊಂಡೆವು. ಹೆಡ್‌ಮಿಸ್ಟ್ರೆಸ್ ಕೈಚೀಲವನ್ನು ಎದೆಗೆ ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತು, ಇಡೀ ದಾರಿ ಒಂದು ಮಾತೂ ಆಡಲಿಲ್ಲ. ಅದನ್ನು ನಾವು ಗಾಂಭೀರ್ಯ ಎಂದುಕೊಂಡೆವು.

ಹೆದ್ದಾರಿಯಲ್ಲಿ ಗಾಡಿ ಹಂಸದ ಹಾಗೆ ಹೋಯಿತು. ಆದರೆ ಹೆದ್ದಾರಿಯಲ್ಲೇ ಯಾರೂ ಇಳಿಯುವುದಿಲ್ಲ. ಎಲ್ಲೋ ಒಂದು ಕಡೆ ನಿಲ್ಲಬೇಕು, ತಿರುಗಬೇಕು, ರೊಟ್ಟಿ ತರಲು ಅಂಗಡಿಗೆ ಹೋಗಬೇಕು. ಗಾಡಿ ಕೊಳ್ಳುವವರು ಓಡುವಾಗಿನ ಸುಖವನ್ನು ಯೋಚಿಸುತ್ತಾರೆ. ನಿಲ್ಲುವಾಗಿನ ಕಷ್ಟ ಆಮೇಲೆ ಬರುತ್ತದೆ. ನಮಗೆ ಅದು ಅಕ್ಕನ ಬೀದಿಯ ತಿರುವಿನಲ್ಲಿ ಬಂತು. ಎಡಕ್ಕೆ ಬೇಕರಿಯವನು ಅಂಗಡಿ ಮುಂದೆ ಕಟ್ಟಿದ್ದ ನೆರಳಿನ ಬಟ್ಟೆ, ಬಲಕ್ಕೆ ಕ್ಷೌರದಂಗಡಿ. ಮೂತಿ ತಿರುಗಿತು. ನಡು ತಿರುಗಿತು. ಆನೆ ಹೋಗಿ ಬಾಲ ಸಿಕ್ಕಿಹಾಕಿಕೊಂಡಂತೆ, ಹಿಂಭಾಗ ಬೀಸಿ ಹೋಗಿ ಕ್ಷೌರದಂಗಡಿಯ ಬಾಗಿಲ ಹತ್ತಿರ ನಿಂತಿತು. ಒಳಗೆ ಸೋಪು ಹಚ್ಚಿಸಿಕೊಂಡು ಕೂತಿದ್ದವನು ಎದುರಿನ ಕನ್ನಡಿಯಲ್ಲಿ ತನ್ನ ಮುಖದ ಬದಲು ಗಾಡಿಯ ನಂಬರ್ ಪ್ಲೇಟನ್ನು ನೋಡಿದ. ಇದರ ತಿರುವು ಬಹಳ ಸಲೀಸು ಎಂದು ಸೇಲ್ಸ್‌ಮನ್ ಹೇಳುತ್ತಿದ್ದ, ಅಲ್ಲಿಗೆ ನಿಲ್ಲಿಸಿದ.

ಅಕ್ಕ ಯಾರನ್ನೂ ಕೇಳದೆ ಬಾಗಿಲು ತೆಗೆದು ಇಳಿದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಎಲ್ಲರೂ ಇಳಿಯಿರಿ ಎಂದರು. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಹೆಡ್‌ಮಿಸ್ಟ್ರೆಸ್ ಮರುಮಾತಿಲ್ಲದೆ ಇಳಿದರು. ನಾವೆಲ್ಲ ಪಾದಚಾರಿ ದಾರಿಯಲ್ಲಿ ಸಾಲಾಗಿ ನಿಂತೆವು. ಭಾವ ಮಾತ್ರ ಸ್ಟೀರಿಂಗ್ ಹಿಡಿದು ಮೇಲಿದ್ದರು.

ಮುಂದಕ್ಕೆ ತೆಗೆದುಕೊಂಡರೆ ಹಿಡಿಸುತ್ತೆ ಎಂದು ಭಾವ ಅಂದರು. ಹಿಡಿಸಲ್ಲ ಎಂದರು ಅಕ್ಕ. ಸ್ವಲ್ಪ ಎಡಕ್ಕೆ ಒತ್ತಿದರೆ ಹಿಡಿಸುತ್ತೆ ಎಂದರು ಭಾವ. ಹಿಡಿಸಲ್ಲ ಎಂದರು ಅಕ್ಕ. ಬೆಳಿಗ್ಗೆಯಿಂದ ಅಂಗಳದಲ್ಲಿ ಕೇಳಿ ಕೇಳಿ ಸಾಕಾಗಿದ್ದ ಆ ಮಾತಿಗೆ ಭಾವನ ತಾಳ್ಮೆ ಹರಿಯಿತು. ಕಿಟಕಿಯಿಂದ ತಲೆ ಹೊರಹಾಕಿದರು.

"ನಿನಗೆ ಯಾವುದು ತಾನೇ ಹಿಡಿಸುತ್ತೆ, ಅದನ್ನಾದ್ರೂ ಹೇಳೇ. ಸೋಫಾ ಹಿಡಿಸ್ಲಿಲ್ಲ. ಪರದೆ ಹಿಡಿಸ್ಲಿಲ್ಲ. ಆ ನೀಲಿ ಗಾಡಿ ಅಷ್ಟು ಚೆನ್ನಾಗಿತ್ತು, ಅದೂ ಹಿಡಿಸ್ಲಿಲ್ಲ. ಇದಕ್ಕೇನಾಗಿದೆ?"

"ಸೋಫಾ ಚೆನ್ನಾಗೇ ಇತ್ತು ರೀ. ಪರದೆನೂ ಚೆನ್ನಾಗಿತ್ತು."

"ಮತ್ತೆ?"

"ಜನ ಹಿಡಿಸಲ್ಲ."

ಕ್ಷೌರದಂಗಡಿಯ ಕತ್ತರಿ ನಿಂತಿತು. ನಾನು ನನ್ನ ಬೂಟುಗಳನ್ನು ಆಸಕ್ತಿಯಿಂದ ನೋಡತೊಡಗಿದೆ. ಆ ಮಾತಿನೊಳಗೇ ತಪ್ಪಿಸಿಕೊಳ್ಳಲು ಒಂದು ಓಣಿ ಇತ್ತು. ಜಾಗ ಸಾಲದು ಅಂದೆ ಅಷ್ಟೇ ಎಂದು ಅಕ್ಕ ನಕ್ಕುಬಿಟ್ಟಿದ್ದರೆ ಎಲ್ಲರೂ ಆ ಓಣಿಯಲ್ಲಿ ಸುಲಭವಾಗಿ ಹೊರಟುಹೋಗುತ್ತಿದ್ದೆವು. ಆದರೆ ಹೆಡ್‌ಮಿಸ್ಟ್ರೆಸ್ ಜೀವಮಾನವಿಡೀ ವ್ಯಾಕರಣ ಕಲಿಸಿದವರು. ಎರಡು ಅರ್ಥದ ಮಾತು ಅವರ ಮುಂದೆ ಹಾಗೇ ಬಿದ್ದಿರಲು ಬಿಡುವವರಲ್ಲ.

"ಜಾಗ ಸಾಲಲ್ಲ ಅಂತಾನೋ, ನಾವು ಬೇಡ ಅಂತಾನೋ? ಬಿಡಿಸಿ ಹೇಳು."

ಅಕ್ಕ ಒಂದು ಕ್ಷಣ ಗಾಡಿಯ ಬಾಲ ನೋಡಿದರು. "ಎರಡೂ ಅತ್ತಿಗೆ," ಅಂದರು.

ಆಮೇಲೆ, ಹೇಳಿದ್ದು ಹೇಳಿಯಾಯಿತು ಎಂದು, ಉಳಿದದ್ದನ್ನೂ ಹೇಳಿದರು. ಮನೆಗೆ ಬನ್ನಿ, ಯಾವತ್ತೂ ಬಂದಿದ್ದೀರಿ, ಇನ್ನೂ ಬನ್ನಿ. ಗಾಡಿಗೆ ಮಾತ್ರ ಬೇಡ. ಅದರಲ್ಲೂ ನಾನು ಒಲೆಯ ಮುಂದೆ ನಿಂತರೆ, ಕೆಳಗಿನಿಂದ ಮೇಲೆ ಬಂದು ಏನು ಬಂತು? ದನಿ ಏರಿಸಲಿಲ್ಲ, ಅಳಲಿಲ್ಲ. ಕಂಬ ಇದೆ ನೋಡಿ ಎಂದು ದಿನಾ ಹೇಳುತ್ತಿದ್ದ ದನಿಯಲ್ಲೇ ಹೇಳಿದರು.

ಹೆಡ್‌ಮಿಸ್ಟ್ರೆಸ್ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತರು. ಈಗ ಸಿಡಿಲು ಬೀಳುತ್ತದೆಂದು ನಾವೆಲ್ಲ ಕಾದೆವು. ಅವರು ಕೈಚೀಲ ತೆರೆದು, ಒಂದು ಪ್ಲಾಸ್ಟಿಕ್ ಕವರು ಹೊರತೆಗೆದು, ಅದನ್ನು ನೋಡಿ, ಮತ್ತೆ ಒಳಗಿಟ್ಟರು.

"ನನಗೆ ಗಾಡೀಲಿ ವಾಂತಿ ಬರುತ್ತೆ," ಅಂದರು.

ಬೆಳಿಗ್ಗೆ ಎರಡು ಮಾತ್ರೆ ನುಂಗಿ ಬಂದಿದ್ದರಂತೆ. ಬಾಯಿ ತೆರೆದರೆ ಅನಾಹುತ ಎಂದು ದಾರಿಯುದ್ದಕ್ಕೂ ತುಟಿ ಬಿಗಿದಿದ್ದರಂತೆ. ಚಿಕ್ಕಂದಿನಿಂದ ಬಸ್ಸೂ ಆಗದ ತಮಗೆ ತಿಂಗಳುಗಟ್ಟಲೆ ಚಕ್ರದ ಮೇಲೆ ಬದುಕುವುದನ್ನು ನೆನೆದು ನಿದ್ದೆ ಬಂದಿಲ್ಲವಂತೆ. ತಮ್ಮ ಅಷ್ಟು ಪ್ರೀತಿಯಿಂದ ಕರೆದ, ಇಲ್ಲ ಎಂದರೆ ನೊಂದುಕೊಳ್ಳುತ್ತಾನೆ ಎಂದು ಒಪ್ಪಿದ್ದರಂತೆ. ಇದನ್ನು ಕೇಳಿ ಓರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಾನು ರಜೆಯನ್ನೇ ಕೇಳಿಲ್ಲ, ಕೊನೆಯ ಗಳಿಗೆಯಲ್ಲಿ ರಜೆ ಸಿಗಲಿಲ್ಲವೆಂದು ಹೇಳುವ ಅಂದಾಜಿನಲ್ಲಿದ್ದೆ ಎಂದಳು. ಅವಳ ಗಂಡ, ಇದು ನನಗೇ ಗೊತ್ತಿರಲಿಲ್ಲವಲ್ಲ ಎಂದ. ನಿಮಗೆ ಹೇಳಿದರೆ ಸಂಜೆಯೊಳಗೆ ನಿಮ್ಮಣ್ಣನಿಗೆ ಗೊತ್ತಾಗುತ್ತದೆ ಎಂದಳು ಅವಳು. ಹೆಡ್‌ಮಿಸ್ಟ್ರೆಸ್ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ಕ್ಷೌರದಂಗಡಿಯವನು ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟ. ಪಾದಚಾರಿ ದಾರಿಯ ಮೇಲೆ ಎಲ್ಲರ ಹೆಗಲೂ ಒಂದೊಂದು ಮೂಟೆ ಇಳಿಸಿದಂತೆ ಹಗುರವಾಗಿತ್ತು.

ಹಗುರವಾಗದೆ ಉಳಿದವರು ಮೇಲೆ ಸ್ಟೀರಿಂಗ್ ಮುಂದಿದ್ದ ಭಾವ. ಅವರ ಗುಂಪು ಚಿತ್ರದಿಂದ ಒಬ್ಬೊಬ್ಬರೇ ಎದ್ದು ಹೊರಟುಹೋಗಿದ್ದರು. ಅಕ್ಕ ಕಿಟಕಿಯ ಕೆಳಗೆ ಹೋಗಿ ನಿಂತರು. ಭಾವ ಮುಂದಿನ ಗಾಜನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ನನ್ನೊಬ್ಬನ ಜೊತೆ ನಿನಗೆ ಬೇಜಾರಾಗುತ್ತೆ ಅಂದ್ಕೊಂಡೆ ಕಣೇ."

ಅಕ್ಕ ಗಾಡಿಯ ಬಾಗಿಲನ್ನು ಅಂಗೈಯಿಂದ ಒಮ್ಮೆ ತಟ್ಟಿದರು. "ಬೇಜಾರಾದ್ರೆ ಹೇಳ್ತೀನಿ. ಈಗ ಹಿಂದಕ್ಕೆ ತಗೊಳ್ಳಿ. ಬೇಕರಿಯವನ ಬಟ್ಟೆ ಹರಿಯುತ್ತೆ."

ಹಿಂದೆ ಹೋಗಿ ನಿಂತು ಬರ್ಲಿ ಬರ್ಲಿ ಎಂದು ಶುರುಮಾಡಿದರು. ಆ ಹಡಗು ಇಂಚಿಂಚಾಗಿ, ಕನ್ನಡಿಯೂ ಒಡೆಯದೆ ಬಟ್ಟೆಯೂ ಹರಿಯದೆ, ಹಿಂದೆ ಸರಿದು ದೊಡ್ಡ ರಸ್ತೆಗೆ ಬಂತು. ಸೋಪು ಹಚ್ಚಿಕೊಂಡವನು ಹೊರಗೆ ಬಂದು ನೋಡುತ್ತಿದ್ದ. ಅವನ ಮುಖದ ಸೋಪು ಒಣಗಿತ್ತು.

ನೆಂಟರನ್ನು ಮನೆಗೆ ಕಳಿಸಿ ನಾವು ಅಂಗಳಕ್ಕೆ ಮರಳಿದೆವು. ಎರಡೇ ಮಂಚದ ಗಾಡಿ ಇದೆಯೇ ಎಂದು ಭಾವ ಕೇಳಿದಾಗ ಸೇಲ್ಸ್‌ಮನ್‌ನ ಟೈ ಸಡಿಲವಾಯಿತು. ಇಂಥವರಿಗೆ ತೋರಿಸಲು ನಾಚಿಕೆಯಾಗಿ ಶೆಡ್ಡಿನ ಹಿಂದೆ ನಿಲ್ಲಿಸಿದ್ದ ಒಂದನ್ನು ತಂದ. ಸಾಮಾನು ಸಾಗಿಸುವ ವ್ಯಾನಿನ ಮೈ, ಒಳಗೆ ಒಂದು ಮನೆ. ಮಂಚ ಮಡಿಸಿದರೆ ಮೇಜು, ಮೇಜು ಬಿಚ್ಚಿದರೆ ಮಂಚ. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಅಕ್ಕ ಭಾವ ಒಳಗೆ ಎದುರುಬದುರು ಕೂತರು. ಮಂಡಿಗೆ ಮಂಡಿ ತಾಗಿತು. ನಾನೂ ಒಂದು ಕಾಲು ಒಳಗಿಟ್ಟೆ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಕಾಲು ಹಿಂದಕ್ಕೆ ತೆಗೆದುಕೊಂಡೆ.

ಅಕ್ಕ ಒಳಗಿನ ಅಂದ ನೋಡಿ ಅಲ್ಲಿಗೇ ಬಿಡಲಿಲ್ಲ. ಗಾಡಿಯನ್ನು ಅಂಗಳದ ಮುಂದೆ ಮಾಮೂಲಿ ಕಾರುಗಳಿಗೆ ಗೆರೆ ಎಳೆದ ಜಾಗದಲ್ಲಿ ನಿಲ್ಲಿಸಿ ಎಂದರು. ಭಾವ ನಿಲ್ಲಿಸಿದರು. ಮೂತಿ ಗೆರೆಯೊಳಗೆ, ಬಾಲ ಗೆರೆಯೊಳಗೆ, ಎರಡೂ ಬದಿಯ ಬಾಗಿಲು ಸಲೀಸಾಗಿ ತೆಗೆಯಬಹುದು. ಭಾವ ಇಳಿದು ಬಂದು ಹೆಂಡತಿಯ ಪಕ್ಕ ನಿಂತು ಅದೇ ಹಳೆಯ ಪ್ರಶ್ನೆ ಕೇಳಿದರು. ಅಕ್ಕ, "ಹಿಡಿಸ್ತು," ಅಂದರು. ಯಾವ ಅರ್ಥದಲ್ಲಿ ಎಂದು ಬಿಡಿಸಿ ಕೇಳಲು ಹೆಡ್‌ಮಿಸ್ಟ್ರೆಸ್ ಅಲ್ಲಿರಲಿಲ್ಲ. ಭಾವನಿಗೆ ಕೇಳುವ ಅಗತ್ಯವೂ ಇರಲಿಲ್ಲ.

ಅವರು ಹೊರಟುಹೋದ ಮೇಲೆ ಕಟ್ಟಡದ ನೆಲಮಾಳಿಗೆಗೆ, ಅಕ್ಕನ ಜಾಗಕ್ಕೆ, ಚೀಟಿ ಕೊಟ್ಟು ಕಾರು ಬಿಡುವ ಒಂದು ಯಂತ್ರ ಬಂದಿದೆ. ಅದು ಯಾರ ಹೊಟ್ಟೆಯನ್ನೂ ನೋಡುವುದಿಲ್ಲ. ಹೀಗಾಗಿ ಮೊದಲ ವಾರವೇ ವಕೀಲರು ಕಂಬಕ್ಕೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡು, ಪಕ್ಕದ ಸೀಟಿನಿಂದ ತೆವಳಿ ಹೊರಬಂದರು. ಇತ್ತ ಹೆಡ್‌ಮಿಸ್ಟ್ರೆಸ್ ಸಿಕ್ಕವರಿಗೆಲ್ಲ, ಚಿಕ್ಕದೇ ತೆಗೆದುಕೊಳ್ಳಿ ಎಂದು ಮೊದಲು ಹೇಳಿದ್ದು ತಾವೇ ಎನ್ನುತ್ತಿದ್ದಾರೆ. ಅವರು ಹಾಗೆ ಹೇಳಲಿ. ಉದ್ದವೇ ಘನತೆ ಎಂದು ಹೇಳಿದ್ದು ನಾನಲ್ಲ ಎಂದು ನಾನೂ ಹೇಳುತ್ತಿದ್ದೇನೆ.

ಮೊದಲ ಸುತ್ತು ಮುಗಿಸಿ ಅವರು ಮರಳಿದಾಗ ಗಾಡಿಯನ್ನು ನಮ್ಮ ಕಟ್ಟಡದ ಎದುರಿಗೇ, ಎರಡು ಕಾರುಗಳ ನಡುವೆ, ನಾನು ನೋಡನೋಡುತ್ತಿದ್ದಂತೆ ನಿಲ್ಲಿಸಿದರು. ಭಾವ ಟೀ ಕುಡಿಯುತ್ತ ಸುದ್ದಿ ಹೇಳಿದರು. ಬೆಟ್ಟದ ಮೇಲಿನ ಹಳೆಯ ಊರುಗಳ ಓಣಿಗಳಿಗೆ ಇವರ ಗಾಡಿ ನೇರವಾಗಿ ಹೋಗುತ್ತಿತ್ತಂತೆ. ದೊಡ್ಡ ಗಾಡಿಯವರು ಊರ ಹೊರಗೇ ನಿಲ್ಲಿಸಿ, ರೊಟ್ಟಿಗಾಗಿ ನಡೆದು ಬರುತ್ತಿದ್ದರಂತೆ. ಅವರಲ್ಲೊಬ್ಬ ಹೆಂಗಸು ಅಕ್ಕನ ಗಾಡಿಯೊಳಗೆ ಬಗ್ಗಿ ನೋಡಿ, ಅಯ್ಯೋ ಇಷ್ಟೇನಾ ಎಂದು ಮೊದಲು ಮರುಕಪಟ್ಟಳಂತೆ. ಒಳಗೆ ಗುಡಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಆಮೇಲೆ ಕೇಳಿದಳಂತೆ. ಅಕ್ಕ ತೋರಿಸಿದ ಮೇಲೆ ಆ ಮರುಕ ತನ್ನ ಗಂಡನ ಕಡೆ ತಿರುಗಿ ಬೇರೆ ರೂಪ ತಾಳಿತಂತೆ.

ಭಾವನಿಗೆ ಒಂದೇ ದೂರು. ಗಾಡಿಯೊಳಗೆ ಹೆಂಡತಿಯ ಫೋಟೋ ತೆಗೆಯಲು ಹಿಂದೆ ಸರಿಯಲು ಜಾಗವಿಲ್ಲ. ಅವರು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಒಂದರಲ್ಲಿ ಅಕ್ಕನ ಕಿವಿ ಇತ್ತು, ಇನ್ನೊಂದರಲ್ಲಿ ಮೊಣಕೈ ಮತ್ತು ಲೋಟ, ಮತ್ತೊಂದರಲ್ಲಿ ಅರ್ಧ ನಗು. ಜೀವಮಾನವಿಡೀ ಒಬ್ಬರನ್ನೂ ಕತ್ತರಿಸದ ಮನುಷ್ಯ ಆ ತುಂಡುಗಳನ್ನು ಒಂದೊಂದಾಗಿ ತೋರಿಸಿದ ಸಂಭ್ರಮ ನೋಡಬೇಕಿತ್ತು.

ಅಕ್ಕ ಗಾಡಿಯ ಮುಂದಿನ ಗಾಜಿಗೆ ಅಂಟಿದ್ದ ಹುಳುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದರು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಮೂಗಿನ ತುದಿಯ ಚರ್ಮ ಸುಲಿದಿತ್ತು. ನನ್ನ ಕಚೇರಿಗಿಂತ, ಅಷ್ಟೇಕೆ, ನನ್ನ ಕಚೇರಿಯ ಮೇಜಿಗಿಂತ ಸ್ವಲ್ಪವೇ ದೊಡ್ಡದಾದ ಆ ಮನೆಯನ್ನು ನೋಡುತ್ತ ನನಗೆ ಸಂಸಾರಸ್ಥನಿಗೆ ಬರುವ ಸಹಜ ಸಂದೇಹ ಬಂತು. ಇಷ್ಟು ಚಿಕ್ಕ ಗಾಡಿಯಲ್ಲಿ ಗಂಡಹೆಂಡತಿಗೆ ಜಗಳವಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ.

ಅಕ್ಕ ಬಟ್ಟೆ ಹಿಂಡಿದರು.

"ಹೊರಗೆ," ಅಂದರು. "ಮತ್ತೆ ಇನ್ಯಾಕೆ ತಗೊಂಡಿದ್ದು ಅಂದ್ಕೊಂಡ್ರಿ?"